ಯಾದವಗಿರಿಯ ಜಾವಾ, ಮದ್ದೂರಿನ ಕ್ಯಾರಿಯರ್

2023ರ ಮೇ 13. ವಿಧಾನಸಭಾ ಚುನಾವಣೆಯ ಫಲಿತಾಂಶದ ದಿನ. ಬೆಳಗ್ಗೆ ಆರಕ್ಕೆ ಸ್ಟುಡಿಯೋದಲ್ಲಿ ಕೂತವನು ರಾತ್ರಿ ಹನ್ನೊಂದಕ್ಕೆ ಎದ್ದೆ. ಏಳುವಾಗ ಗಂಟಲಲ್ಲಿ ಸ್ವರವೇ ಇರಲಿಲ್ಲ. ಹದಿನೈದು ದಿನ ಬಾಯಿ ಮುಚ್ಕೊಂಡಿರಿ ಅಂದರು ಡಾಕ್ಟರು. ನಮ್ಮ ಚಾನೆಲ್ ನೋಡುವ ಎಷ್ಟೋ ಜನ ವರ್ಷಗಳಿಂದ ನನಗೆ ಹೇಳುತ್ತಿರುವುದೂ ಅದನ್ನೇ ಬಿಡಿ. ಸರಿ, ಮದ್ದೂರಿನ ಹತ್ತಿರ ಇರುವ ನಮ್ಮೂರಿಗೆ ಹೊರಟುಬಿಟ್ಟೆ.

ಊರಲ್ಲಿ ಮಾತಾಡದೆ ಮಾಡೋದೇನು? ಕೊಟ್ಟಿಗೆಯಲ್ಲಿ ಗೊಬ್ಬರದ ಚೀಲಗಳ ಹಿಂದೆ ಅಪ್ಪನ ಜಾವಾ ನಿಂತಿತ್ತು. 1969ರದ್ದು, 250 ಸಿಸಿ. ನಂಬರ್ ಪ್ಲೇಟಿನ ಮೇಲೆ ‘ಎಂವೈ’ ಅಂತ ಶುರುವಾಗುವ ಅಕ್ಷರಗಳು. ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿದ್ದ ಕಾಲದ ಗಾಡಿ ಅದು. ಈಗಿನ ಬುಲೆಟ್ ಪಕ್ಕ ನಿಲ್ಲಿಸಿದರೆ ಇಷ್ಟೇ ಇಷ್ಟು. ಹದಿನಾರು ಇಂಚಿನ ಪುಟ್ಟ ಚಕ್ರ, ಗುಂಡು ಟ್ಯಾಂಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಮೂವತ್ತಮೂರು ವರ್ಷದಿಂದ ಅದರ ಸೀಟಿನ ಮೇಲೆ ಕೋಳಿ ಮಲಗುತ್ತಿತ್ತು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಬೆಂಗಳೂರು, ಮೈಸೂರಿನಲ್ಲಿ ಅವತ್ತು ಗಾಡಿ ತಂದು ಸೇರುತ್ತಾರೆ. ಆ ವರ್ಷ ಅದು ಜುಲೈ 9ಕ್ಕೆ ಬಿದ್ದಿತ್ತು. ಎಂಟು ವಾರ ಇದೆ. ಫಳಫಳ ಅನ್ನಿಸಿ ತಗೊಂಡು ಹೋಗಿ ನಿಲ್ಲಿಸಬೇಕು, ನಾಲ್ಕು ಜನ ಫೋಟೋ ತೆಗೆಯಬೇಕು. ನನ್ನ ಲೆಕ್ಕ ಇದ್ದದ್ದು ಇಷ್ಟೇ. ಸುಳ್ಳು ಯಾಕೆ ಹೇಳಲಿ?

ಮೊದಲನೇ ದಿನವೇ ಪಾಠ ಶುರುವಾಯಿತು. ಕಿಕ್ ಹೊಡೆದರೆ ಲಿವರ್ ಅಲುಗಾಡಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಇಂಥ ಹೊತ್ತಲ್ಲಿ ಸುತ್ತಿಗೆ ತಗೊಂಡವನು ಕೆಟ್ಟ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಹುಯ್ದು ಕಾಯಬೇಕು. ದಿನಾ ಬೆಳಗ್ಗೆ ಹೋಗಿ ಲಿವರ್ ಮೇಲೆ ಕಾಲಿಟ್ಟು ಮೆಲ್ಲಗೆ ಭಾರ ಬಿಡಬೇಕು. ಐದನೇ ದಿನ ಎಲ್ಲೋ ಒಂದು ಕೂದಲೆಳೆಯಷ್ಟು ಅಲುಗಿತು. ಆರನೇ ದಿನ ತಿರುಗಿತು.

ಆ ಲಿವರ್ ಬಗ್ಗೆ ಹೇಳಲೇಬೇಕು. ಜಾವಾ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದುಬಿಟ್ಟರೆ ಅದೇ ಗೇರ್. ಅದೂ ಸಾಲದು ಅಂತ, ಗೇರ್ ಹಾಕಲು ಕಾಲಲ್ಲಿ ಒತ್ತಿದರೆ ಕ್ಲಚ್ ತನ್ನಷ್ಟಕ್ಕೆ ಬಿಟ್ಟುಕೊಳ್ಳುತ್ತೆ. ಕೈ ಹಾಕೋ ಅವಶ್ಯಕತೆಯೇ ಇಲ್ಲ. ಯಾವನ ತಲೆ ಸ್ವಾಮಿ ಇದು?

ಅದನ್ನು ಹುಡುಕಲು ಹೋದರೆ ಚೆಕೊಸ್ಲೊವಾಕಿಯಾಕ್ಕೆ ಹೋಗಬೇಕಾಗುತ್ತೆ. ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ ಇದ್ದ. ಗ್ರೆನೇಡ್ ವಿನ್ಯಾಸ ಮಾಡಿದವನು. ಆಯುಧಕ್ಕೆ ಗಿರಾಕಿ ಕಮ್ಮಿಯಾದಾಗ ಬೇರೆ ದಾರಿ ಬೇಕಾಯಿತು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಹಕ್ಕನ್ನು ಕೊಂಡ. ಯಾನೆಚೆಕ್‌ನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿ ಜಾವಾ. ನಮ್ಮಲ್ಲಿ ಎಷ್ಟೋ ಜನ ಅದು ಇಂಡೋನೇಷ್ಯಾದ ದ್ವೀಪದ ಹೆಸರು ಅಂದುಕೊಂಡಿದ್ದಾರೆ, ನಾನೂ ಕಾಲೇಜಿಗೆ ಹೋಗೋವರೆಗೆ ಹಾಗೇ ಅಂದುಕೊಂಡಿದ್ದೆ. ಮೊದಲ ಗಾಡಿ 500 ಸಿಸಿಯದು, ದುಬಾರಿ. ಆಗಲೇ ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಡಿದಿತ್ತು. ಕಂಪನಿಯನ್ನು ದಡ ಸೇರಿಸಿದ್ದು 1932ರಲ್ಲಿ ಬಂದ 175 ಸಿಸಿಯ ಪುಟ್ಟ ಗಾಡಿ.

ಆಮೇಲೆ ನಾಜಿಗಳು ಬಂದರು. ಚೆಕ್ ನೆಲ ಹಿಟ್ಲರನ ಕೈಗೆ ಹೋಯಿತು, ಕಾರ್ಖಾನೆಗಳು ಜರ್ಮನ್ ಸೇನೆಯ ಕೆಲಸಕ್ಕೆ ತಿರುಗಿದವು. ಹಗಲು ಅವರ ಕೆಲಸ ಮಾಡಿಕೊಂಡೇ ಜಾವಾದ ಎಂಜಿನಿಯರುಗಳು ಕದ್ದುಮುಚ್ಚಿ ಒಂದು ಹೊಸ 250 ಸಿಸಿ ಗಾಡಿ ರೂಪಿಸಿದರು. ಯಾನೆಚೆಕ್ 1941ರಲ್ಲಿ ತೀರಿಕೊಂಡ, ಅವನು ಅದನ್ನು ರಸ್ತೆಯಲ್ಲಿ ನೋಡಲಿಲ್ಲ. ಯುದ್ಧ ಮುಗಿದ ಮೇಲೆ 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರಗೆ ಬಂತು. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದದ್ದರಿಂದ ಜನ ಅದನ್ನು ಪೆರಾಕ್ ಅಂದರು. ಒಂದೇ ಲಿವರ್, ತಾನೇ ಬಿಡುವ ಕ್ಲಚ್, ಎಂಜಿನ್ ಮತ್ತು ಗೇರ್ ಬಾಕ್ಸ್ ಎರಡೂ ಒಂದೇ ಮೊಟ್ಟೆಯಂಥ ಚಿಪ್ಪಿನೊಳಗೆ, ಎಲ್ಲ ಆ ಕಳ್ಳ ಕೆಲಸದಲ್ಲೇ ಹುಟ್ಟಿದ್ದು. 1954ರ ಹೊತ್ತಿಗೆ ಅದನ್ನೇ ತಿದ್ದಿ 353 ಅನ್ನುವ ಮಾದರಿ ಮಾಡಿದರು. ನಮ್ಮ ಕೊಟ್ಟಿಗೆಯಲ್ಲಿ ಕೋಳಿಗೆ ಹಾಸಿಗೆಯಾಗಿದ್ದು ಅದರ ಮಗ.

ಇನ್ನು ಅದು ಮೈಸೂರಿಗೆ ಬಂದದ್ದು. ಐವತ್ತರ ದಶಕದಲ್ಲಿ ಸರ್ಕಾರ ಆಮದಿಗೆ ಬೀಗ ಹಾಕುತ್ತಾ ಬಂತು. ಗಾಡಿ ಬೇಕಾದರೆ ಇಲ್ಲೇ ಮಾಡಿ, ಮಾಡೋದಕ್ಕೆ ಲೈಸೆನ್ಸ್ ತಗೊಳ್ಳಿ. ಮದ್ರಾಸಿನಲ್ಲಿ ಎನ್‌ಫೀಲ್ಡ್ ಶುರುವಾಗಿದ್ದು, ಆಮೇಲೆ ಫರೀದಾಬಾದಿನಲ್ಲಿ ರಾಜದೂತ್ ಬಂದಿದ್ದು ಈ ಕಾಲದಲ್ಲೇ. ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಮತ್ತು ಫರೋಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಉದ್ಘಾಟನೆ ಮಾಡಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರು ಮಹಾರಾಜರಲ್ಲ, ರಾಜ್ಯಪಾಲರು. ಕಮ್ಯುನಿಸ್ಟ್ ದೇಶದ ಸರ್ಕಾರಿ ಕಾರ್ಖಾನೆಯ ಗಾಡಿ, ಪಾರ್ಸಿ ಕುಟುಂಬದ ಹಣ, ಒಡೆಯರ ಕೈಯ ಉದ್ಘಾಟನೆ. ಮೈಸೂರಲ್ಲಿ ಬಿಟ್ಟು ಬೇರೆಲ್ಲಿ ಕೂಡುತ್ತಿತ್ತು ಹೇಳಿ ಇಂಥ ಸಂಬಂಧ!

1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಅಂತಾಯಿತು. ಅದು ಇರಾನಿನ ಯಾಜ್ದ್ ಊರಿನ ಹೆಸರು. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ನಮ್ಮಪ್ಪ ಮರುವರ್ಷ, 1974ರಲ್ಲಿ, ಸೆಕೆಂಡ್ ಹ್ಯಾಂಡಿನಲ್ಲಿ ಈ ಗಾಡಿ ಕೊಂಡರು. ರಾಜ್ಯದ ಹೆಸರೂ ಹಳೇದು, ಗಾಡಿಯ ಹೆಸರೂ ಹಳೇದು. ಕಮ್ಮಿಗೆ ಸಿಕ್ತು ಅಂತಾರೆ.

ಅಪ್ಪ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಜನ ಕರೆಯುತ್ತಿದ್ದದ್ದು ದನದ ಡಾಕ್ಟ್ರು ಅಂತ. ಕಾಲುಬಾಯಿ ಜ್ವರದ ಲಸಿಕೆ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಹೋಗಬೇಕು. ಔಷಧಿ ಪೆಟ್ಟಿಗೆ, ಬಕೆಟ್ಟು, ಕರು ಅಡ್ಡ ಸಿಕ್ಕಿಕೊಂಡರೆ ಎಳೆಯಲು ಹಗ್ಗ, ಎಲ್ಲ ಬೇಕು. ಜಾವಾದ ಹಿಂದೆ ಅದಕ್ಕೆ ಜಾಗ ಎಲ್ಲಿ? ಅಪ್ಪ ಮದ್ದೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್ ತಗೊಂಡು ದೊಡ್ಡ ಕ್ಯಾರಿಯರ್ ಮಾಡಿಸಿ, ಚಾಸಿಗೇ ಬೆಸೆಸಿದ್ದರು. ಮೇಲೆ ಗೋಣಿಚೀಲ ಮಡಿಚಿ ಕಟ್ಟಿ, ಸೀಸೆ ಅದುರಿ ಒಡೆಯದ ಹಾಗೆ. ರಾತ್ರಿ ಎರಡು ಗಂಟೆಗೆ ಯಾರೋ ಬಂದು ಬಾಗಿಲು ಬಡಿಯೋರು. ಅಪ್ಪ ಎದ್ದು ಹೋಗೋರು. ವಾಪಸ್ ಬರುವಾಗ ಕೆರೆ ಏರಿ ಮೇಲೆ ಆ ಸದ್ದು ಕೇಳಿಸಿದರೆ ಅಮ್ಮ ಒಲೆ ಹಚ್ಚೋರು.

ನಾನು ಬಿಚ್ಚಿದೆ. ಬಿಚ್ಚುವುದು ಸುಲಭ, ಜಾವಾ ಇರುವುದೇ ಹಾಗೆ. ನಾಲ್ಕು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಮನೆ ಜಗಲಿ ಮೇಲೆ ಎಂಜಿನ್ ಇಳಿಸಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ವಾಲ್ವ್ ಕೂಡ ಇಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತಾ ಕಿಂಡಿಗಳನ್ನು ತೆಗೆದು ಮುಚ್ಚುತ್ತೆ. ಅದಕ್ಕೆ ಬೇರೆ ಆಯಿಲ್ ಪಂಪೂ ಇಲ್ಲ, ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್ ಬೆರೆಸಿದರೆ ಅದೇ ಒಳಗೆಲ್ಲ ಸವರಿಕೊಂಡು ಹೋಗುತ್ತೆ. ಸವರಿದ ಮೇಲೆ ಸುಟ್ಟು ಹೊಗೆಯಾಗುತ್ತೆ, ಮಿಕ್ಕಿದ್ದು ಸೈಲೆನ್ಸರಿನಲ್ಲಿ ಮಸಿಯಾಗಿ ಕೂರುತ್ತೆ. ನಮ್ಮ ಗಾಡಿಯ ಎರಡೂ ಸೈಲೆನ್ಸರಿಗೆ ಕಾಸ್ಟಿಕ್ ಸೋಡಾ ಹಾಕಿ ನೆನೆಸಿಟ್ಟರೆ ಬಕೆಟ್ ಗಟ್ಟಲೆ ಡಾಂಬರು ಬಂತು.

ಟ್ಯಾಂಕಿನ ಬಣ್ಣ ಉಜ್ಜಿದೆ. ಮೇಲೆ ಕಪ್ಪು ಎನಾಮೆಲ್, ಕೆಳಗೆ ಜಾವಾದ ಗಾಢ ಕೆಂಪು. ಅಪ್ಪನನ್ನು ಕೇಳಿದೆ, ಅಪ್ಪ, ಇದನ್ಯಾಕೆ ಕಪ್ಪು ಮಾಡ್ದೆ, ಕೆಂಪು ನೋಡಿದ್ರೆ ಹೋರಿ ಬೆದರುತ್ತೆ ಅಂತಾನಾ? ‘ದನಕ್ಕೆ ಎಲ್ಲಿ ಕಾಣುತ್ಲಾ ಕೆಂಪು? ಕಿಟಕಿ ಸರಳಿಗೆ ಹೊಡ್ದು ಬಣ್ಣ ಮಿಕ್ಕಿತ್ತು, ಬಳ್ದೆ’ ಅಂದರು. ಮುಗಿಯಿತು. ನಾನು ಅರ್ಧ ಗಂಟೆ ಕಾರ್ಯಕ್ರಮ ಮಾಡಬಹುದಾಗಿದ್ದ ವಿಷಯ ಅದು.

ಈಗ ಬರುತ್ತೇನೆ ನನ್ನ ತಪ್ಪಿಗೆ.

ಬಿಡಿಭಾಗಗಳನ್ನೆಲ್ಲ ಒಂದು ಪೇಂಟ್ ಅಂಗಡಿಗೆ ಸ್ಯಾಂಡ್ ಬ್ಲಾಸ್ಟಿಂಗಿಗೆ ಕಳಿಸಿದೆ. ಮರಳನ್ನು ಗಾಳಿಯ ಒತ್ತಡದಲ್ಲಿ ಬಡಿದು ತುಕ್ಕು, ಬಣ್ಣ ಎಲ್ಲ ಕಿತ್ತು ಬರಿ ಕಬ್ಬಿಣ ಉಳಿಸುವ ಕೆಲಸ. ಹೊಸದರ ಥರ ಆಗಬೇಕು ಅಂತ ಹೇಳಿದ್ದೆ. ಹೊಸದರ ಥರವೇ ಬಂತು. ವಾಪಸ್ ಬಂದ ಭಾಗಗಳನ್ನು ಅಪ್ಪ ಒಂದೊಂದಾಗಿ ನೋಡಿದರು. ಟೂಲ್ ಬಾಕ್ಸಿನ ಮುಚ್ಚಳ ಎತ್ತಿಕೊಂಡು ಒಳಭಾಗ ತಿರುಗಿಸಿ ಬೆಳಕಿಗೆ ಹಿಡಿದರು.

‘ಇದ್ರಲ್ಲಿ ಬರ್ದಿದ್ನಲ್ಲ, ಎಲ್ಲೋಯ್ತು?’

ಮುಚ್ಚಳದ ಒಳಗೆ ಮೊಳೆಯಲ್ಲಿ ಗೀಚಿದ ಗೆರೆಗಳಿದ್ದವು. ನಾನು ನೋಡಿದ್ದೆ, ಏನೋ ಗೀರು ಅಂದುಕೊಂಡಿದ್ದೆ. ಅದು ಅಪ್ಪನ ದಾಖಲೆ. ಯಾವ ವರ್ಷ ಎಂಜಿನ್ ಬೋರ್ ಮಾಡಿಸಿದ್ದು, ಆಗ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು. ಇಡೀ ದಿನ ಪರದೆ ಮೇಲೆ ದಾಖಲೆ ಇದೆಯಾ, ದಾಖಲೆ ತೋರಿಸಿ ಅಂತ ಗಂಟಲು ಹರಿದುಕೊಳ್ಳುವವನು ನಾನು. ಮನೆಯಲ್ಲಿದ್ದ ಒಂದೇ ಒಂದು ದಾಖಲೆಯನ್ನು ದುಡ್ಡು ಕೊಟ್ಟು ಅಳಿಸಿಕೊಂಡು ಬಂದಿದ್ದೆ. ಅಂಗಡಿಯವನ ತಪ್ಪಿಲ್ಲ, ಹೇಳಿದವನು ನಾನು.

ಅಪ್ಪ ಏನೂ ಅನ್ನಲಿಲ್ಲ. ಮುಚ್ಚಳ ಕೆಳಗಿಟ್ಟು ಒಳಗೆ ಹೋದರು.

ಆ ವಾರ ಮೈಸೂರಿನಿಂದ ಒಬ್ಬ ಹಿರಿಯರು ಬಂದರು. ಯಾದವಗಿರಿ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ವಿಭಾಗದಲ್ಲಿ ಕೆಲಸ ಮಾಡಿದವರು. ಅಲ್ಲಿ ಕೆಲಸ ನಿಂತ ಮೇಲೆ ಮನೆ ಮುಂದೆಯೇ ಗ್ಯಾರೇಜು ಇಟ್ಟುಕೊಂಡು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಕನ್ನಡಕ ಹಣೆಗೇರಿಸಿ ಪಿಸ್ಟನ್ ತಲೆಯ ಮಸಿ ಒರೆಸಿ ನೋಡಿದರು. ‘ಅರವತ್ತೈದು ಮುಕ್ಕಾಲು’ ಅಂದರು. ಅಂದರೆ? ‘ಕಂಪನಿಯಿಂದ ಬರೋವಾಗ ಸಿಲಿಂಡರ್ ಅಗಲ 65 ಎಂಎಂ ಸರ್. ಸವೆದಾಗ ಕಾಲು ಎಂಎಂ ಕೊರೆದು ದೊಡ್ಡ ಪಿಸ್ಟನ್ ಹಾಕ್ತೀವಿ. ಇದರ ಮೇಲೆ 65.75 ಅಂತ ಹೊಡೆದಿದೆ. ಮೂರು ಸಲ ಬೋರ್ ಆಗಿದೆ ಗಾಡಿ.’

ನಾನು ಫೋನ್ ತೆಗೆದೆ. ಬಿಚ್ಚುವ ಮೊದಲು ಸುಮ್ಮನೆ ತೆಗೆದ ಫೋಟೋಗಳಲ್ಲಿ ಒಂದರ ಮೂಲೆಯಲ್ಲಿ ಮುಚ್ಚಳ ಅರ್ಧ ತೆರೆದಿತ್ತು. ದೊಡ್ಡದು ಮಾಡಿ ನೋಡಿದರೆ ಮಸುಕಾಗಿ ಎರಡು ಗೆರೆ ಓದಲು ಸಿಕ್ಕಿತು. 77, 82. ಅಪ್ಪನಿಗೆ ತೋರಿಸಿದೆ. ‘ಮೂರನೇದು ಎಂಬತ್ತೇಳು’ ಅಂದರು ಫೋಟೋ ನೋಡದೆಯೇ. ಗೀಚಿದ್ದು ಹೋಗಿತ್ತು, ಪಿಸ್ಟನ್ ಹೇಳಿದ್ದಕ್ಕೆ ಅಪ್ಪನ ನೆನಪು ತಾಳೆಯಾಯಿತು. ಅರಮನೆ, ಶಾಸನದ ವಿಷಯದಲ್ಲಿ ಇತಿಹಾಸಕಾರರು ಮಾಡುವುದು ಇದನ್ನೇ ಅಲ್ವಾ? ಸಿಕ್ಕಿದ ಎರಡು ಸಾಕ್ಷಿ ಒಂದಕ್ಕೊಂದು ಹೊಂದುತ್ತಾ ಅಂತ ನೋಡುವುದು.

ಆ 87ರ ನಂತರ ನಾಲ್ಕನೇ ಗೆರೆ ಯಾಕಿಲ್ಲ ಅನ್ನುವುದು ನನಗೆ ಗೊತ್ತಿತ್ತು. ನಾನೇ ಕಾರಣ. ಎಂಬತ್ತರ ದಶಕದ ಮಧ್ಯದಲ್ಲಿ ಜಪಾನ್ ಕಂಪನಿಗಳ ಜೊತೆ ಸೇರಿ ನಮ್ಮವರು 100 ಸಿಸಿ ಬೈಕು ತಂದರು. 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಹಗುರ, ಪೆಟ್ರೋಲ್ ಉಳಿತಾಯ. ಹೀರೋ ಹೋಂಡಾಗಂತೂ ಆಯಿಲ್ ಬೆರೆಸುವ ತಾಪತ್ರಯವೂ ಇಲ್ಲ, ಅದು ಫೋರ್ ಸ್ಟ್ರೋಕು. 1990ರಲ್ಲಿ ನಾನು ಮಂಡ್ಯದಲ್ಲಿ ಕಾಲೇಜು. ಅಪ್ಪ ಆ ಕ್ಯಾರಿಯರ್ ಗಾಡಿಯಲ್ಲಿ, ಹೊಗೆ ಬಿಟ್ಟುಕೊಂಡು, ಸೆಗಣಿ ವಾಸನೆಯ ಹಗ್ಗ ನೇತುಹಾಕಿಕೊಂಡು ಕಾಲೇಜಿನ ಗೇಟಿನ ಮುಂದೆ ಬಂದು ನಿಂತರೆ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸುತ್ತಿತ್ತು. ಹೀರೋ ಹೋಂಡಾ ತಗೋ ಅಂತ ಊಟ ಬಿಟ್ಟು ಹಠ ಮಾಡಿದೆ. ತಗೊಂಡರು. ಜಾವಾ ಕೊಟ್ಟಿಗೆ ಸೇರಿತು.

ನನ್ನಂಥ ಹಠಮಾರಿ ಮಕ್ಕಳು ದೇಶದಲ್ಲಿ ಎಷ್ಟು ಲಕ್ಷ ಮನೆಯಲ್ಲಿದ್ದರೋ. 1978ರಲ್ಲಿ ಬಂದ ರೋಡ್‌ಕಿಂಗ್ ಆ ಹೊತ್ತಿಗೂ ಮೈಸೂರಿನಲ್ಲಿ ತಯಾರಾಗುತ್ತಿತ್ತು, ಅದರ ಅಭಿಮಾನಿಗಳು ಇವತ್ತಿಗೂ ಇದ್ದಾರೆ. ಆದರೆ ಊರಿಗೂರೇ ಮೈಲೇಜ್ ಎಷ್ಟು ಅಂತ ಕೇಳಲು ಶುರು ಮಾಡಿತ್ತು. ಹೊಗೆಯ ಮೇಲಿನ ಕಾನೂನೂ ಬಿಗಿಯಾಯಿತು. 1996ರಲ್ಲಿ ಯಾದವಗಿರಿಯಲ್ಲಿ ಉತ್ಪಾದನೆ ನಿಂತಿತು. 2018ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರಿನ ಹೊಸ ಗಾಡಿ ತಂದಿತು, ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಮತ್ತೆ ಕ್ಯಾರಿಯರ್ ವಿಷಯ. ಗಾಡಿ ಪ್ರದರ್ಶನಕ್ಕೆ ತರುವುದಾದರೆ ಅದನ್ನು ಕತ್ತರಿಸಿ ಹಾಕಲೇಬೇಕು ಅಂತ ಬೆಂಗಳೂರಿನ ಗೆಳೆಯರು ಹೇಳಿದರು. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗಿರಬೇಕು. ನಟ್ಟು ಬೋಲ್ಟಿನ ಬಣ್ಣದವರೆಗೆ ಜಗಳ ಆಡುವ ಮಂದಿ ಅವರು. ನಾನು ತಮಾಷೆ ಮಾಡುತ್ತಿಲ್ಲ, ಆ ಹಠ ಇಲ್ಲದಿದ್ದರೆ ಇಷ್ಟು ಜಾವಾಗಳು ಉಳಿಯುತ್ತಲೇ ಇರಲಿಲ್ಲ. ಸಂಡೇ ಬಜಾರಿನಲ್ಲಿ ಒಂದು ಹೆಡ್‌ಲೈಟ್ ರಿಂಗಿಗೆ ನಾಲ್ಕು ಭಾನುವಾರ ಅಲೆದ ನನಗೆ ಅವರೇ ಕೊನೆಗೆ ಕೊಟ್ಟಿದ್ದು, ದುಡ್ಡು ತಗೊಳ್ಳಲಿಲ್ಲ.

ಸರ್ಕಾರದ ಮಾತೂ ಹಾಗೇ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ಷರತ್ತು ಏನು ಗೊತ್ತಾ? ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. ಅದಾದ ಮೇಲೆ ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಓಡಿಸಬಹುದು. ದಿನನಿತ್ಯದ ಓಡಾಟಕ್ಕೆ ಇಲ್ಲ. ಅಂದರೆ ಆ ಗಾಡಿಯಲ್ಲಿ ಹಸು ಈಯುವ ಮನೆಗೆ ಹೋಗುವ ಹಾಗಿಲ್ಲ.

ಹಾಗಾದರೆ ಮೂಲ ರೂಪ ಯಾವುದು? ಯಾದವಗಿರಿಯಲ್ಲಿ ಇದ್ದದ್ದು ಒಂದು ದಿನವೋ ಎರಡು ದಿನವೋ. ಅಪ್ಪನ ಕೈಯಲ್ಲಿ ಇದ್ದದ್ದು ಹದಿನಾರು ವರ್ಷ ಓಡಾಡಿಕೊಂಡು. ಚೆಕ್ ದೇಶದ ಎಂಜಿನಿಯರು ಗೆರೆ ಎಳೆದದ್ದು ಇತಿಹಾಸ ಆಗುತ್ತೆ, ಮದ್ದೂರಿನ ವೆಲ್ಡರ್ ಬೆಸೆದದ್ದು ತುಕ್ಕು ಆಗುತ್ತಾ? ಮುಚ್ಚಳ ಅಳಿಸಿಕೊಂಡು ಬಂದ ಮೇಲೆ ನನಗೆ ಗ್ರೈಂಡರ್ ಹಿಡಿಯಲು ಕೈ ಬರಲಿಲ್ಲ. ಅಪ್ಪನನ್ನೇ ಕೇಳಿದೆ, ಕ್ಯಾರಿಯರ್ ತಗಿಯಾದಾ ಬ್ಯಾಡ್ವಾ? ಎಂಬತ್ತೊಂದು ವರ್ಷದ ಮನುಷ್ಯ, ಭಾವುಕವಾಗಿ ಏನಾದರೂ ಹೇಳುತ್ತಾರೆ ಅಂತ ಕಾದೆ. ‘ಮುಂದ್ಕೆ ಹಾಲಿನ ಕ್ಯಾನ್ ಇಡಾಕ್ ಬೇಕಾಯ್ತದೆ, ಇರ‍್ಲಿ’ ಅಂದರು.

ಕ್ಯಾರಿಯರ್ ಉಳಿಯಿತು. ತುಕ್ಕು ಉಜ್ಜಿ ಕಪ್ಪು ಬಣ್ಣ ಹೊಡೆದೆ, ಕಿಟಕಿ ಸರಳಿನ ಅದೇ ಎನಾಮೆಲ್.

ಸಿಲಿಂಡರ್ ಕೊರೆಸಿ 66ರ ಪಿಸ್ಟನ್ ಹಾಕಿಸಿದ್ದಾಯಿತು, ನಾಲ್ಕನೇ ಬೋರು. ಪೆಟ್ರೋಲ್ ಪೈಪು, ರಬ್ಬರ್ ವಾಷರ್ ಎಲ್ಲ ಹೊಸದು ಹಾಕಿದೆ. ಆ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಗಿತ್ತು, ಇಪ್ಪತ್ತು ಭಾಗ ಎಥನಾಲ್. ಹಳೇ ರಬ್ಬರಿಗೆ ಅದು ಆಗಿಬರಲ್ಲ, ನೀರನ್ನೂ ಎಳೆದುಕೊಳ್ಳುತ್ತೆ, ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತೆ. ಹಳೇ ಗಾಡಿ ಇಟ್ಟವರು ಇದೊಂದು ನೆನಪಿಟ್ಟುಕೊಳ್ಳಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಬರಿದು ಮಾಡಿ.

ಜುಲೈ 9 ಬಂದು ಹೋಯಿತು. ಅವತ್ತಿಗೆ ಇನ್ನೂ ವೈರಿಂಗ್ ಮುಗಿದಿರಲಿಲ್ಲ. ಸ್ಟಾರ್ಟ್ ಮಾಡಿದ್ದು ಆಗಸ್ಟಿನ ಒಂದು ಭಾನುವಾರ. ಮೈಸೂರಿನ ಹಿರಿಯರೂ ಬಂದಿದ್ದರು. ನಾನು ಇಪ್ಪತ್ತು ಕಿಕ್ ಹೊಡೆದೆ, ಬೆವರು ಇಳಿಯಿತು, ಗಾಡಿ ಕೆಮ್ಮಲೂ ಇಲ್ಲ. ಅಪ್ಪ ಜಗಲಿ ಮೇಲೆ ಕೂತವರು ಅಲ್ಲಿಂದಲೇ ಕೂಗಿದರು, ‘ಟಿಕ್ಲರ್ ಒತ್ತಿದ್ಯೇನ್ಲಾ?’ ಕಾರ್ಬುರೇಟರ್ ಮೇಲೆ ಒಂದು ಪುಟ್ಟ ಗುಬುಟು. ಒತ್ತಿ ಹಿಡಿದರೆ ಪೆಟ್ರೋಲ್ ತುಂಬಿ ತುಳುಕುತ್ತೆ, ಆಮೇಲೆ ಕಿಕ್. ಒತ್ತಿದೆ. ಎರಡನೇ ಕಿಕ್ಕಿಗೆ ಹತ್ತಿಕೊಂಡಿತು. ಕೊಟ್ಟಿಗೆ ಪೂರ್ತಿ ಬಿಳಿ ಹೊಗೆ, ಹಸು ಗೂಟ ಕಿತ್ತುಕೊಂಡು ಹೋಯಿತು. ಮೈಸೂರಿನ ಹಿರಿಯರು ಎಂಜಿನ್ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು. ಅಪ್ಪನಿಗೆ ಈಚೆಗೆ ಕಿವಿ ಮಂದ. ಎದ್ದು ಹತ್ತಿರ ಬಂದು, ಕ್ಯಾರಿಯರ್ ಹಿಡಿದುಕೊಂಡರು. ಅದುರು ಕೈಗೆ ಗೊತ್ತಾಗಿರಬೇಕು.

ವಿಂಟೇಜ್ ನೋಂದಣಿಗೆ ಹೋಗಲಿಲ್ಲ. ಮಾಮೂಲಿ ಗಾಡಿಯ ಹಾಗೆ ದಂಡ ಕಟ್ಟಿ ಐದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಿದೆವು. ತಪಾಸಣೆಗೆ ಬಂದ ಅಧಿಕಾರಿ ಸುತ್ತ ಒಂದು ಸುತ್ತು ಹಾಕಿ, ಹಿಂದೆ ಇದೇನ್ರೀ ಇಷ್ಟು ದೊಡ್ಡದು ಅಂದರು. ‘ದನದ ಔಷಧಿ ಇಡಾಕೆ ಸಾರ್’ ಅಂದರು ಅಪ್ಪ. ಅವರು ಬರೆದುಕೊಂಡು ಹೋದರು.

ವಾಪಸ್ ಹೊರಡುವ ಮೊದಲು ಅಪ್ಪ ಟೂಲ್ ಬಾಕ್ಸ್ ತೆಗೆಸಿ, ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಹಳೇ ಪ್ಲಗ್ ಒಳಗಿಟ್ಟರು. ಟೂ ಸ್ಟ್ರೋಕ್ ಗಾಡಿಯವನು ಬದಲಿ ಪ್ಲಗ್ ಇಲ್ಲದೆ ಊರು ಬಿಡಬಾರದು. ಮುಚ್ಚಳದ ಒಳಗಿನ ಹೊಸ ಬಣ್ಣದ ಮೇಲೆ ಮೊಳೆ ಹಿಡಿದು ಗೀಚುವಂತೆ ನನಗೆ ಹೇಳಿದರು. ಬರೆದೆ: ಬೋರ್ 4, 2023.